ಐರಾವತದಿಂದ ಗುಬ್ಬಿಗೆ

ಮೊದಲಿಗೆ ಓದುವವರೆಲ್ಲ ನನ್ನನ್ನು ಮನ್ನಿಸಬೇಕು. ನನ್ನ ಅಕ್ಷರ ಚೆನ್ನಾಗಿಲ್ಲ. ಒತ್ತಕ್ಷರಗಳು ಸಾಲಿನಿಂದ ಕೆಳಗೆ ಜಾರುತ್ತವೆ, ಮಾತುಗಳೂ ನನಗೆ ಹೆಚ್ಚು ಗೊತ್ತಿಲ್ಲ. ಹದಿನಾರಕ್ಕೇ ಇಂಗ್ಲಿಷ್ ಶಾಲೆ ಬಿಟ್ಟವಳು ನಾನು. ಕನ್ನಡ ಬರೆಯಲು ಕಲಿಸಿದವರು ವಸುಂಧರಾ ಆಂಟಿ. ನಮ್ಮ ಕನ್ನಡ ಕೂಟದ ಕೈಬರಹದ ಪತ್ರಿಕೆಗೆ ಯಾರಾದರೂ ಒಬ್ಬರ ಬಗ್ಗೆ ಬರೆದುಕೊಡು ಎಂದಾಗ ಅವರ ಹೊರತು ಬೇರೆ ಯಾರೂ ನೆನಪಾಗಲಿಲ್ಲ. ಆಂಟಿ ಹೇಳಿದ್ದನ್ನು, ಚಿದಾನಂದ ಅಂಕಲ್ ನಡುವೆ ಬಾಯಿಹಾಕಿ ತಿದ್ದಿದ್ದನ್ನು ಸೇರಿಸಿ ಬರೆದಿದ್ದೇನೆ. ಅಳತೆಗಳನ್ನು ಮಾತ್ರ ಎರಡೆರಡು ಸಲ ಕೇಳಿ ಬರೆದಿದ್ದೇನೆ.

ವಸುಂಧರಾ ಆಂಟಿ ಗದಗಿನವರು. ಹುಬ್ಬಳ್ಳಿಯಲ್ಲಿ ನರ್ಸಿಂಗ್ ಕಲಿತರು, ಅಲ್ಲೇ ಹದಿನೆಂಟು ವರ್ಷ ದುಡಿದರು, ಆಮೇಲೆ ಕ್ರೈಸ್ಟ್‌ಚರ್ಚಿಗೆ ಬಂದರು. ಎತ್ತರ ನಾಲ್ಕು ಅಡಿ ಹನ್ನೊಂದು ಇಂಚು. ಗಂಡ ಚಿದಾನಂದ ಅಂಕಲ್ ಊರಿನಲ್ಲಿದ್ದಾಗ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಇಲ್ಲಿಗೆ ಬಂದ ಮೇಲೂ ಬಸ್ಸುಗಳ ಹೊಟ್ಟೆಯ ಕೆಳಗೆ ಮಲಗಿಯೇ ದಿನ ಕಳೆದವರು. ಇಬ್ಬರ ಕೊರಳಲ್ಲೂ ಇಷ್ಟಲಿಂಗ. ದಿನಾ ಬೆಳಿಗ್ಗೆ ಅದನ್ನು ಅಂಗೈಯಲ್ಲಿಟ್ಟು ಪೂಜೆ ಮಾಡಿದ ಮೇಲೇ ಚಹಾ.

ಎರಡು ಸಾವಿರದ ಹನ್ನೊಂದರ ಭೂಕಂಪದಲ್ಲಿ ಅವರ ಮನೆ ಬಿರುಕು ಬಿಟ್ಟಿತು. ಆ ನೆಲದ ಮೇಲೆ ಇನ್ನು ಮನೆ ನಿಲ್ಲುವುದಿಲ್ಲ ಎಂದು ಸರ್ಕಾರದವರು ಹೇಳಿದರು. ಆಗ ಅಂಕಲ್ ಅಂದದ್ದು ಇಷ್ಟೇ: “ಭೂಮಿ ನಿಲ್ಲಂಗಿಲ್ಲಂದ್ರ ನಾವ್ಯಾಕ ನಿಲ್ಲೂದು? ಗಾಲಿ ಮ್ಯಾಲೆ ಇರೂಣು.”

ಹಾಗೆ ಬಂದದ್ದು ಐರಾವತ. ಹಳೆಯ ಬಸ್ಸೊಂದನ್ನು ಮನೆಯಾಗಿ ಮಾಡಿದ ದೊಡ್ಡ ಮೋಟರ್‌ಹೋಮ್. ಉದ್ದ ಎಂಟು ಮೀಟರ್ ನಲವತ್ತು ಸೆಂಟಿಮೀಟರ್, ತೂಕ ಎಂಟು ಟನ್. ಊರಿನ ಐಷಾರಾಮಿ ಬಸ್ಸಿನ ಹೆಸರನ್ನೇ ಅಂಕಲ್ ಅದಕ್ಕೂ ಇಟ್ಟು, ಹಣೆಯ ಮೇಲೆ ಕೆಂಪು ಬಣ್ಣದಲ್ಲಿ ಬರೆದರು. ಒಳಗೆ ಓವನ್ನು, ಫ್ರಿಜ್ಜು, ಆರು ಜನ ಮಲಗುವ ಜಾಗ. ಹಿಂದಿನ ತುದಿಯಲ್ಲಿ ತಾವೇ ಮರ ಕೊರೆದು ದೇವರ ಜಗಲಿ ಕಟ್ಟಿದರು. ಶೌಚಾಲಯ ಮುಂದಿನ ತುದಿಯಲ್ಲಿ, ಅದಕ್ಕೊಂದು ಬಾಗಿಲು. ಎರಡರ ನಡುವೆ ಹದಿನೆಂಟು ಅಡಿ ಅಂತರ. ಇದು ಅಂಕಲ್ ಟೇಪು ಹಿಡಿದು ನೋಡಿ ಸಮಾಧಾನಪಟ್ಟುಕೊಂಡ ಲೆಕ್ಕ.

ಐದು ವರ್ಷ ಅವರು ಹಾಗೇ ಬದುಕಿದರು. ದಕ್ಷಿಣ ದ್ವೀಪದ ಸಣ್ಣ ಸಣ್ಣ ಊರುಗಳಲ್ಲಿ ವೃದ್ಧಾಶ್ರಮಗಳಿವೆ. ಅಲ್ಲಿನ ನರ್ಸ್ ರಜೆ ಹೋದರೆ, ಹೆರಿಗೆಗೆ ಹೋದರೆ, ಬದಲಿಗೆ ಬರುವವರೇ ಇಲ್ಲ. ಆಂಟಿ ಬರುತ್ತಿದ್ದರು. ಅಂಕಲ್ ಗಾಡಿ ಓಡಿಸುವುದು, ಆಂಟಿ ಡ್ಯೂಟಿ ಮಾಡುವುದು. ಆಂಟಿ ಬರುವ ಹೊತ್ತಿಗೆ ಅಂಕಲ್ ಜೋಳದ ರೊಟ್ಟಿ ಬಡಿದು, ಬದನೆಕಾಯಿ ಪಲ್ಯ ಮಾಡಿ ಇಟ್ಟಿರುತ್ತಿದ್ದರು. ಒಂದೇ ತೊಂದರೆ. ಐರಾವತಕ್ಕೆ ಊರೊಳಗೆ ಜಾಗ ಸಿಗುತ್ತಿರಲಿಲ್ಲ. ನದಿ ದಂಡೆಯಲ್ಲೋ ಆಟದ ಮೈದಾನದ ಆಚೆಯೋ ನಿಲ್ಲಿಸಿ, ಆಂಟಿ ಮಳೆಯಲ್ಲಿ ಛತ್ರಿ ಹಿಡಿದು ಒಂದೊಂದು ಮೈಲಿ ನಡೆದು ಡ್ಯೂಟಿಗೆ ಹೋಗುತ್ತಿದ್ದರು.

ಎರಡು ಸಾವಿರದ ಹದಿನೆಂಟರ ಮೇ ತಿಂಗಳಲ್ಲಿ ಒಂದು ಮಧ್ಯಾಹ್ನ ಊಟಕ್ಕೆ ಕೂತ ಅಂಕಲ್, “ಇವತ್ತ ಪಲ್ಯ ಮಾಡಿಲ್ಲೇನ?” ಎಂದು ಕೇಳಿದರು. ಪಲ್ಯ ತಟ್ಟೆಯ ಎಡಗಡೆಯಲ್ಲಿತ್ತು. ಆಂಟಿ ತಟ್ಟೆಯನ್ನು ತಿರುಗಿಸಿದರು. ಪಲ್ಯ ಕಂಡಿತು, ಈಗ ಚಟ್ನಿ ಕಾಣೆಯಾಯಿತು. ಡಾಕ್ಟರು ಆಮೇಲೆ ಹೇಳಿದ್ದನ್ನು ಆಂಟಿ ಆ ತಟ್ಟೆಯಲ್ಲೇ ಓದಿಬಿಟ್ಟಿದ್ದರು. ಮೆದುಳಿಗೆ ಸಣ್ಣ ಪೆಟ್ಟು, ಸ್ಟ್ರೋಕ್. ಕೈಕಾಲು ಉಳಿದವು, ಮಾತು ಉಳಿಯಿತು, ಎಡಗಡೆಯ ನೋಟ ಹೋಯಿತು. ಇನ್ನು ಗಾಡಿ ಓಡಿಸುವ ಹಾಗಿಲ್ಲ.

ಐರಾವತವನ್ನು ಕ್ರೈಸ್ಟ್‌ಚರ್ಚ್ ಪಕ್ಕದ ರೋಲ್ಸ್‌ಟನ್ನಿನಲ್ಲಿರುವ ಗುರುರಾಜ್ ಅಂಕಲ್ ಮನೆಯ ಹಿತ್ತಲಲ್ಲಿ ನಿಲ್ಲಿಸಿ ಅಲ್ಲೇ ಉಳಿದರು. ಗುರುರಾಜ್ ಅಂಕಲ್ ಮೈಸೂರಿನವರು, ಇಲ್ಲಿ ಓದಲು ಬಂದು ಎಂಜಿನಿಯರ್ ಆಗಿ ಉಳಿದವರು. ಅತ್ತ ಉತ್ತರ ದ್ವೀಪದ ಫ್ಲ್ಯಾಟ್ ಬುಷ್‌ನಿಂದ ಮಗ ಪ್ರಣವ್ ವಾರಕ್ಕೆರಡು ಸಲ ಫೋನ್ ಮಾಡುತ್ತಿದ್ದ.

“ಅವ್ವಾ, ಕೆಳಗಿನ ರೂಮ್ ರೆಡಿ ಐತಿ. ಇಬ್ರೂ ಬಂದುಬಿಡ್ರಿ. ಇನ್ನೂ ಯಾಕ ದುಡೀಬೇಕು ನೀ?”

“ಬರ್ತೀವಪಾ, ವಿಚಾರ ಮಾಡ್ತೀನಿ,” ಎನ್ನುತ್ತಿದ್ದರು ಆಂಟಿ. ಮಗನ ಮಾತಿನಲ್ಲಿ ಪ್ರೀತಿ ಇತ್ತು. ಆದರೆ ಆ ರೂಮಿನ ಕಿಟಕಿಯಿಂದ ಪಕ್ಕದ ಮನೆಯ ಗ್ಯಾರೇಜು ಬಿಟ್ಟರೆ ಏನೂ ಕಾಣುವುದಿಲ್ಲ ಎಂದು ಆಂಟಿಗೆ ಗೊತ್ತಿತ್ತು. ಅಲ್ಲಿ ಹೋಗಿ ಕೂತರೆ ತಮ್ಮ ನರ್ಸ್ ಕೆಲಸ ಮುಗಿದಂತೆ, ಗಂಡನೂ ಆ ಕಿಟಕಿಯ ಬಲಭಾಗವನ್ನೇ ನೋಡುತ್ತ ಕೂರುವಂತೆ ಆಗುತ್ತದೆ ಎಂದೂ ಗೊತ್ತಿತ್ತು.

ಸೆಪ್ಟೆಂಬರಿನಲ್ಲಿ ಬೆಟ್ಟಗಳಾಚೆಯ ವೆಸ್ಟ್ ಕೋಸ್ಟ್‌ನ ಒಂದು ಸಣ್ಣ ಊರಿನ ವೃದ್ಧಾಶ್ರಮದಿಂದ ಫೋನ್ ಬಂತು. ನವೆಂಬರ್ ಹತ್ತೊಂಬತ್ತರಿಂದ ಆರು ವಾರ ಬರುತ್ತೀರಾ? ಊರಲ್ಲಿ ಬಾಡಿಗೆಗೆ ರೂಮು ಸಿಗುವುದಿಲ್ಲ. ಹಿಂದಿನ ಅಂಗಳದಲ್ಲಿ ವಾಹನ ನಿಲ್ಲಿಸಿಕೊಳ್ಳಬಹುದು. ಆದರೆ ವಾಹನಕ್ಕೆ ನೀಲಿ ಚೀಟಿ ಇರಲೇಬೇಕು. ನೀರು, ಕೊಳೆನೀರಿನ ಡಬ್ಬಿ, ಶೌಚದ ಏರ್ಪಾಡು ಎಲ್ಲ ವಾಹನದೊಳಗೇ ಇದೆ ಎಂದು ತಪಾಸಣೆ ಮಾಡಿ ಗಾಜಿಗೆ ಅಂಟಿಸುವ ಚೀಟಿ ಅದು.

ಆಂಟಿ ಬರುತ್ತೇನೆ ಎಂದುಬಿಟ್ಟರು. ಹೇಗೆ ಎಂದು ಯೋಚಿಸಿದ್ದು ಫೋನ್ ಇಟ್ಟ ಮೇಲೆ.

“ನೀ ಮಾತು ಕೊಟ್ಟಿ. ಗಾಡಿ ಯಾರು ಓಡಸ್ತಾರ?” ಎಂದರು ಅಂಕಲ್.

“ನಾನು.”

“ಐರಾವತಾನ?”

“ಹೂಂ. ಅದಕೇನ ಕೋಡು ಅದಾವೇನ?”

ಕೋಡಿರಲಿಲ್ಲ, ಆದರೆ ಕ್ಲಚ್ಚಿತ್ತು. ಬೆನ್ನಿಗೆ ಎರಡು ದಿಂಬು ಕೊಟ್ಟುಕೊಂಡರೂ ಆಂಟಿಯ ಕಾಲು ಅದನ್ನು ಅರ್ಧ ಮಾತ್ರ ಒತ್ತುತ್ತಿತ್ತು. ಹಿತ್ತಲಿನಲ್ಲೇ ಹಿಂದೆ ಮುಂದೆ ಮಾಡಿ ನೋಡೋಣ ಎಂದು ಒಂದು ಭಾನುವಾರ ಗೇರ್ ಹಾಕಿದರು. ಐರಾವತ ಒಮ್ಮೆ ಕೆಮ್ಮಿ, ಗಕ್ಕನೆ ಹಿಂದಕ್ಕೆ ಹಾರಿ, ಗುರುರಾಜ್ ಅಂಕಲ್ ಮನೆಯ ಬಟ್ಟೆ ಒಣಗಿಸುವ ಕಂಬವನ್ನು ಬುಡಸಮೇತ ಕಿತ್ತು ನಿಂತಿತು. ಇಡೀ ವಾರದ ಬಟ್ಟೆ ಅದರ ಬೆನ್ನ ಮೇಲೆ. ಒಂದು ಪಟ್ಟೆಪಟ್ಟೆ ಪೈಜಾಮ ಕನ್ನಡಿಗೆ ಸುತ್ತಿಕೊಂಡಿತ್ತು.

ಗುರುರಾಜ್ ಅಂಕಲ್ ಬಾಗಿಲಿಗೆ ಬಂದು ನೋಡಿದರು. “ಆಂಟಿ, ಬಟ್ಟೆ ಒಣಗಿತ್ತಾ ಅಂತ ಒಂದ್ ಮಾತು ಕೇಳಿದ್ರೆ ನಾನೇ ತೆಗೀತಿದ್ನಲ್ಲ!”

ಎಲ್ಲರೂ ನಕ್ಕರು. ಆಂಟಿ ಮಾತ್ರ ನಗಲಿಲ್ಲ. ಸೀಟಿನ ಮೇಲೆ ಹಾಗೇ ಕೂತಿದ್ದರು. ಎಂಟು ಟನ್ನಿಗೆ ಕಾರಿನ ಲೈಸೆನ್ಸ್ ಸಾಲದು, ದೊಡ್ಡ ವಾಹನದ್ದೇ ಬೇಕು. ಅದನ್ನು ಪಡೆದರೂ ಕಾಲು ಉದ್ದವಾಗುವುದಿಲ್ಲ. ಇಳಿದು ಬಂದು ಪೈಜಾಮವನ್ನು ಬಿಡಿಸಿ, ಮಡಚಿ, ಗುರುರಾಜ್ ಅಂಕಲ್ ಕೈಗೆ ಕೊಟ್ಟು, “ಇದನ್ನ ಮಾರೂಣು,” ಎಂದರು. ಹೇಳಿದ್ದು ಅವರಿಗಲ್ಲ, ಗಂಡನಿಗೆ.

ನಾಲ್ಕು ಮಕ್ಕಳಿರುವ ಒಂದು ಕುಟುಂಬ ಐರಾವತವನ್ನು ಕೊಂಡಿತು. ಕೀಲಿ ಕೊಡುವಾಗ ಅಂಕಲ್ ಕೊಂಡವನಿಗೆ ಕ್ಲಚ್ಚಿನ ಸ್ವಭಾವವನ್ನು ಮುಕ್ಕಾಲು ಗಂಟೆ ವಿವರಿಸಿದರು. ಜಗಲಿಯನ್ನು ಮಾತ್ರ ಬಿಚ್ಚಿ ಇಟ್ಟುಕೊಂಡರು. ಆಮೇಲೆ ಮೂರು ದಿನ ಹೆಂಡತಿಯ ಜೊತೆ ಮಾತಾಡಲಿಲ್ಲ. ಆಂಟಿ ಆ ಮೂರು ದಿನ ಸುಮ್ಮನೆ ಕೂರಲಿಲ್ಲ. ಕೊರಿಯರ್ ಸಾಮಾನು ಸಾಗಿಸಿ ಸಾಗಿಸಿ ನಿವೃತ್ತಿಯಾಗಿದ್ದ ಒಂದು ಹೈಏಸ್ ವ್ಯಾನನ್ನು ನೋಡಿ, ಓಡಿಸಿ, ತಂದು ನಿಲ್ಲಿಸಿದರು. ಬೂದು ಬಣ್ಣ, ಎತ್ತರದ ಮಾಡು, ಕ್ಲಚ್ಚೇ ಇಲ್ಲದ ಆಟೊಮ್ಯಾಟಿಕ್. ಆಂಟಿಯ ಕಾಲು ನೆಟ್ಟಗೆ ಬ್ರೇಕಿನ ಮೇಲೆ ಕೂತಿತು.

ಅಂಕಲ್ ಅದರ ಸುತ್ತ ಒಂದು ಸುತ್ತು ಬಂದು, ಟೈರಿಗೆ ಕಾಲಿಂದ ಮೆಲ್ಲಗೆ ಒದ್ದು, ಮೌನ ಮುರಿದರು. “ಐರಾವತ ಕೊಟ್ಟು ಗುಬ್ಬಿ ತಂದಿ.”

ಹೆಸರು ಅದೇ ನಿಂತಿತು.

ಗುಬ್ಬಿಯ ಒಳಗಿನ ಜಾಗ ಉದ್ದ ಒಂಬತ್ತು ಅಡಿ, ಅಗಲ ಐದು ಅಡಿ. ಐರಾವತದಿಂದ ಇಳಿಸಿದ ಸಾಮಾನು ಗುರುರಾಜ್ ಅಂಕಲ್ ಗ್ಯಾರೇಜನ್ನು ಮಾಡಿನವರೆಗೆ ತುಂಬಿತ್ತು. ಆಗ ಆಂಟಿ ಮಾಡಿದ ಕೆಲಸವನ್ನು ನಮ್ಮಲ್ಲಿ ಇವತ್ತಿಗೂ ಹೇಳಿಕೊಂಡು ನಗುತ್ತಾರೆ. ಸಾಮಾನನ್ನೆಲ್ಲ ಗೋಡೆಗೆ ಸರಿಸಿ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂಬತ್ತಕ್ಕೆ ಐದರ ಗೆರೆ ಎಳೆದರು. ಬಾಗಿಲಿರುವ ಕಡೆ ಗೆರೆ ಬಿಟ್ಟರು.

“ಮೂರು ದಿನ ಇದರಾಗ ಇರೂದು,” ಎಂದರು. “ಅಡಗಿ, ಊಟ, ನಿದ್ದಿ ಎಲ್ಲಾ ಗೆರಿ ಒಳಗ. ಏನರ ಬೇಕಂತ ಗೆರಿ ದಾಟಿ ಹ್ವಾದ್ರ ಒಳಗಿಂದು ಎರಡು ಸಾಮಾನು ಹೊರಗಿಟ್ಟು ಒಂದು ತರಬೇಕು.”

“ಅರವತ್ತಾರು ವರ್ಷಕ್ಕ ನನ್ನ ಕೂಡ ಕುಂಟಾಬಿಲ್ಲಿ ಆಡಸ್ತಿಯೇನ?”

“ಆಡ್ರಿ. ಗೆದ್ರ ವೆಸ್ಟ್ ಕೋಸ್ಟ್, ಸೋತ್ರ ಫ್ಲ್ಯಾಟ್ ಬುಷ್.”

ಮೊದಲ ದಿನ ಅಂಕಲ್ ಹದಿನಾಲ್ಕು ಸಲ ಗೆರೆ ದಾಟಿದರು. ನಲವತ್ತು ಕಿಲೋ ತೂಗುವ, ಸ್ಪ್ಯಾನರು ತುಂಬಿದ ಪಾನಾ ಪೆಟ್ಟಿಗೆ ತಂದರು. ಅದನ್ನು ಇಟ್ಟರೆ ಕಾಲು ಚಾಚಲು ಜಾಗವಿಲ್ಲ. ಮಧ್ಯಾಹ್ನ ಗುರುರಾಜ್ ಅಂಕಲ್ ಇಣುಕಿದರು.

“ಏನ್ ಅಂಕಲ್, ಒಳಗೆ ಬರ್ಬೋದಾ?”

“ಚಪ್ಪಲಿ ಬಿಟ್ಟ ಬಾ. ಕುಂದ್ರಾಕ ಜಾಗ ಇಲ್ಲ, ನಿಂತ ಮಾತಾಡು. ನಿನ್ನ ಹೊಟ್ಟಿ ಗೆರಿ ಹೊರಗ ಇರ್ಲಿ.”

ಆಂಟಿಗೆ ದಾರಿ ತೋರಿಸಿದ್ದು ಆಸ್ಪತ್ರೆಯ ಔಷಧಿ ಟ್ರಾಲಿ. ಅದರಲ್ಲಿ ಪ್ರತಿಯೊಂದಕ್ಕೂ ಒಂದೇ ಜಾಗ. ಗಂಟೆಗೊಮ್ಮೆ ಬೇಕಾದದ್ದು ಮೇಲೆ, ದಿನಕ್ಕೊಮ್ಮೆ ಬೇಕಾದದ್ದು ನಡುವೆ, ಎಂದೋ ಬೇಕಾದದ್ದು ತಳದಲ್ಲಿ. ತೆಗೆದದ್ದನ್ನು ಕೆಳಗಿಡುವ ಮೊದಲು ಅದರ ಜಾಗಕ್ಕೇ ಇಡಬೇಕು. ರಟ್ಟಿನ ಡಬ್ಬಿಗಳನ್ನು ಕತ್ತರಿಸಿ ಆಂಟಿ ಅಂಥದ್ದೇ ಒಂದು ಗೂಡು ಮಾಡಿದರು. ಎರಡು ತಟ್ಟೆ, ಎರಡು ಲೋಟ, ಒಂದು ಕುಕ್ಕರ್. ಹಂಚು ಮತ್ತು ರೊಟ್ಟಿ ಬಡಿಯುವ ಹಲಗೆ ಪ್ರಶ್ನೆಯೇ ಇಲ್ಲದೆ ಉಳಿದವು. ಆ ಹಲಗೆಯನ್ನೇ ಮಡಿಲ ಮೇಲಿಟ್ಟುಕೊಂಡರೆ ಊಟದ ಮೇಜು. ಎರಡನೆಯ ದಿನ ಅಂಕಲ್ ನಾಲ್ಕು ಸಲ ಗೆರೆ ದಾಟಿದರು. ಮೂರನೆಯ ದಿನ ಪಾನಾ ಪೆಟ್ಟಿಗೆಯನ್ನು ತಾವಾಗಿಯೇ ಹೊರಗಿಟ್ಟು, ಹತ್ತೇ ಹತ್ತು ಪಾನಾಗಳನ್ನು ಆರಿಸಿ, ಹಳೆಯ ಪಂಚೆಯಲ್ಲಿ ಸುತ್ತಿ ತಂದರು. ಆ ದಿನ ಅವರು ಗೆರೆ ದಾಟಿದ್ದು ಅದೊಂದೇ ಸಲ.

ರಟ್ಟಿನ ಅಳತೆ ನೋಡಿ ಮರದ ಗೂಡು, ಮಂಚ, ಸಿಂಕು ಎಲ್ಲ ಮಾಡಿದ್ದು ಅಂಕಲ್ ಕೈಯೇ. ನವೆಂಬರ್ ಎಂಟಕ್ಕೆ, ಗುರುವಾರ, ತಪಾಸಣೆಗೆ ಗ್ರೇಮ್ ಎಂಬ ಹಿರಿಯರು ಬಂದರು. ಆಂಟಿ ಅಂದು ಬೆಳಿಗ್ಗೆಯವರೆಗೂ ಊರೊಳಗಿನ ಒಂದು ವೃದ್ಧಾಶ್ರಮದಲ್ಲಿ ನಾಲ್ಕು ದಿನದ ಡ್ಯೂಟಿಯಲ್ಲಿದ್ದರು. ನೇರ ಬಂದು ವ್ಯಾನಿನ ಹಿಂದೆ ನಿಂತರು.

ಗ್ರೇಮ್ ನೀರಿನ ಡಬ್ಬಿ ಅಳೆದರು, ಸರಿ. ಕೊಳೆನೀರಿನ ಡಬ್ಬಿ, ಸರಿ. ಮುಚ್ಚಳವಿರುವ ಕಸದ ಬುಟ್ಟಿ, ಸರಿ. ಆಮೇಲೆ ಶೌಚದ ಡಬ್ಬಿ ಎಲ್ಲಿ ಎಂದು ಕೇಳಿದರು. ಅಂಕಲ್ ಹೆಮ್ಮೆಯಿಂದ ಅವರನ್ನು ಹೊರಗೆ ಕರೆದುಕೊಂಡು ಹೋಗಿ ವ್ಯಾನಿನ ಹಿಂಬದಿ ತೋರಿಸಿದರು. ಅಲ್ಲಿ ಹೊಳೆಯುವ ತಗಡಿನ ಒಂದು ಪೆಟ್ಟಿಗೆ, ಅದಕ್ಕೆ ಹೊರಗಿನಿಂದ ತೆರೆಯುವ ಬಾಗಿಲು, ಸಣ್ಣದೊಂದು ಚಿಲಕ. ಒಳಗಿನಿಂದ ಅದಕ್ಕೆ ದಾರಿಯೇ ಇಲ್ಲ. ಆಂಟಿ ಮಂಚದ ಕೆಳಗೆ ಅಳೆದು ಗುರುತು ಮಾಡಿಕೊಟ್ಟಿದ್ದ ಜಾಗದಲ್ಲಿ ಈಗ ಗಂಧದ ವಾಸನೆಯ ಜಗಲಿ ಕೂತಿತ್ತು.

ಗ್ರೇಮ್ ಪೆಟ್ಟಿಗೆಯನ್ನು ಬೆರಳಲ್ಲಿ ತಟ್ಟಿ, ತುಂಬಾ ಚೆಂದದ ಕೆಲಸ ಎಂದರು. ಹಾಸಿಗೆ ಹಾಸಿದ್ದಾಗಲೂ ಒಳಗಿನಿಂದಲೇ ಬಳಸುವಂತಿರಬೇಕು, ಹೊಸ ನಿಯಮ ಹಾಗಿದೆ, ಚೀಟಿ ಕೊಡಲಾಗುವುದಿಲ್ಲ ಎಂದರು. ಮುಂದಿನ ಗುರುವಾರ ಈ ಕಡೆ ಮತ್ತೆ ಬರುತ್ತೇನೆ, ಅಷ್ಟರಲ್ಲಿ ಸರಿಮಾಡಿದರೆ ನೋಡುತ್ತೇನೆ ಎಂದು ಹೋದರು. ಹೊರಡಬೇಕಾಗಿದ್ದದ್ದು ಅದರ ಮರುದಿನ ಬಿಟ್ಟು ಶನಿವಾರ.

ಆಂಟಿ ಮಂಚದ ಹಲಗೆಯ ಮೇಲೆ ಕೂತರು. “ಯಾಕ್ರೀ ಹಿಂಗ ಮಾಡಿದ್ರಿ? ನಾ ಅಳದು ಕೊಟ್ಟಿದ್ನಲ್ಲ.”

“ನಿನ್ನ ಅಳತಿ ಸರಿ ಇತ್ತು. ಆದ್ರ ಅಲ್ಲೇ ಒಲಿ, ಅಲ್ಲೇ ಉಣ್ಣೂದು, ಅಲ್ಲೇ ಜಗಲಿ, ಅಲ್ಲೇ ಆ ಡಬ್ಬಿ! ನನ್ನಿಂದ ಆಗಂಗಿಲ್ಲ ವಸು. ನಮ್ಮಪ್ಪ ಇದ್ದಿದ್ರ ಆ ವ್ಯಾನಿನ್ಯಾಗ ಕಾಲು ಇಡ್ತಿದ್ದಿಲ್ಲ.”

“ನಿಮ್ಮಪ್ಪಗ ಬೆಡ್‌ಪ್ಯಾನ್ ಇಟ್ಟಾಕಿ ನಾನು.”

ಅಂಕಲ್ ತಗಡಿನ ಪೆಟ್ಟಿಗೆಯ ಚಿಲಕವನ್ನು ತೆಗೆದು ಮತ್ತೆ ಹಾಕಿದರು.

“ಕಡೀ ಮೂರು ತಿಂಗಳು,” ಎಂದರು ಆಂಟಿ. ದನಿ ಏರಿಸಲಿಲ್ಲ. “ಅವರದು ತಗದು, ತೊಳದು, ಕೈ ತೊಳಕೊಂಡು ಅವರಿಗೇ ಗಂಜಿ ಕುಡಸೀನಿ. ಆಗೂ ಲಿಂಗ ನನ್ನ ಎದಿ ಮ್ಯಾಲೇ ಇತ್ತು. ನಲವತ್ತು ವರ್ಷ ಎಷ್ಟು ಮಂದೀದು ತಗದೀನೋ ಲೆಕ್ಕ ಇಲ್ಲ. ಒಂದಿನಾನೂ ಲಿಂಗ ಕಳಚಿಟ್ಟು ಡ್ಯೂಟಿಗೆ ಹೋಗಿಲ್ಲ. ಅದೂ ನನ್ನ ಬಿಟ್ಟು ಹೋಗಿಲ್ಲ. ನಿಮ್ಮದೂ ಕೊರಳಾಗ ಐತಿ. ಕೊರಳಾಗ ಜಾಗ ಸಿಕ್ಕ ಮ್ಯಾಲೆ ಜಗಲಿ ಯಾಕ ಹೊತ್ತು ಅಡ್ಡಾಡತೀರಿ?”

ಅಂಕಲ್ ಎದ್ದು ಹೋಗಿ ಹಿತ್ತಲಲ್ಲಿ, ಐರಾವತ ನಿಲ್ಲುತ್ತಿದ್ದ ಜಾಗದಲ್ಲಿ ಹುಲ್ಲು ಹಳದಿಯಾಗಿದ್ದ ಕಡೆ, ತುಂಬಾ ಹೊತ್ತು ನಿಂತಿದ್ದರು. ಆಂಟಿ ಒಳಗೆ ಹೋಗಿ ಪ್ರಣವ್‌ನ ನಂಬರ್ ತೆಗೆದು, ಒತ್ತದೆ, ಫೋನನ್ನು ಹಾಗೇ ಮೇಜಿನ ಮೇಲಿಟ್ಟರು. ಆ ದಿನ ನಾವು ಸೋತೆವೆಂದೇ ಅಂದುಕೊಂಡಿದ್ದೆ ಎಂದು ಅವರು ನನಗೆ ಹೇಳಿದ್ದಾರೆ.

ಮರುದಿನ ಬೆಳಿಗ್ಗೆ ಆಂಟಿಗೆ ಎಚ್ಚರವಾದದ್ದು ತಗಡು ಬಿಚ್ಚುವ ಸದ್ದಿಗೆ. ಅಂಕಲ್ ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿ, ಹಿಂಬದಿಯ ಪೆಟ್ಟಿಗೆಯನ್ನು ಕಳಚುತ್ತಿದ್ದರು. ಜಗಲಿ ಆಗಲೇ ಗುರುರಾಜ್ ಅಂಕಲ್ ಮನೆಯ ದೇವರ ಕೋಣೆ ಸೇರಿತ್ತು. ಹಾಗಾದರೆ ಪೂಜೆ ಎಲ್ಲಿ ಮಾಡಿದಿರಿ ಎಂದು ಆಂಟಿ ಕೇಳಿದರು.

“ಮುಂದಿನ ಸೀಟಿನ್ಯಾಗ ಕುಂತು ಮಾಡಿದೆ. ಬಿಸಲು ಛಲೋ ಬೀಳ್ತೈತಿ ಅಲ್ಲೆ,” ಎಂದರು ಅಂಕಲ್, ಕೆಲಸದಿಂದ ಕಣ್ಣು ತೆಗೆಯದೆ. “ನಿಂತ ಏನ ನೋಡ್ತಿ? ಎಡಕ್ಕ ಬಾ. ಅಲ್ಲಿಂದು ನಂಗ ಕಾಣಂಗಿಲ್ಲ.”

ಆಂಟಿ ಎಡಕ್ಕೆ ನಿಂತರು. ಆರು ದಿನವೂ ಅಲ್ಲೇ ನಿಂತರು. ಅಂಕಲ್ ಬಲತುದಿಗೆ ಗುರುತು ಹಾಕಿದರೆ ಎಡತುದಿಗೆ ಆಂಟಿ ಹಾಕುವುದು. ಗರಗಸ ಎಡಕ್ಕೆ ಸರಿದರೆ “ಬಲಕ್ಕ” ಎನ್ನುವುದು. ಡಬ್ಬಿಗೆ ಬಾಗಿಲ ಬಳಿ, ಮಂಚದ ಕೆಳಗೆ, ಗಟ್ಟಿ ಮುಚ್ಚಳದ ಮರದ ಗೂಡು ಬಂತು. ಎಳೆದರೆ ಹೊರಬರುತ್ತದೆ, ತಳ್ಳಿದರೆ ಮಂಚದಡಿ ಹೋಗಿ ಟಕ್ ಎಂದು ಕೂರುತ್ತದೆ. ಸುತ್ತ ಎಳೆದುಕೊಳ್ಳಲು ಆಸ್ಪತ್ರೆಯ ಮಂಚದ ಸುತ್ತ ಇರುವಂಥ ಪರದೆ. ಒಲೆಯನ್ನು ಅಂಕಲ್ ಹಳಿಯ ಮೇಲೆ ಜಾರುವಂತೆ ಮಾಡಿ, ಪಕ್ಕದ ಬಾಗಿಲ ಹೊರಗೆ ಎಳೆದು ಅಡಿಗೆ ಮಾಡುವಂತೆ ಇಟ್ಟರು. ರೊಟ್ಟಿ ಹೊರಗೆ, ಗಾಳಿಯಲ್ಲಿ. ಇದು ಆಂಟಿಗೂ ಹೊಳೆದಿರಲಿಲ್ಲ.

ಗುರುವಾರ ಗ್ರೇಮ್ ಹಾಸಿಗೆ ಹಾಸಿಸಿದರು, ಗೂಡನ್ನು ಎಳೆದರು, ಪರದೆ ಎಳೆದರು, ಮೂರು ಸಲ ಗೂಡನ್ನು ತಳ್ಳಿ ಆ ಟಕ್ ಸದ್ದು ಕೇಳಿದರು. ನನ್ನ ವ್ಯಾನಿಗೂ ಇಂಥದ್ದೊಂದು ಮಾಡಿಕೊಡುತ್ತೀರಾ ಎಂದು ಅಂಕಲ್‌ರನ್ನು ಕೇಳಿದರು. ಆಮೇಲೆ ನೀಲಿ ಚೀಟಿಯನ್ನು ಗಾಜಿಗೆ ಅಂಟಿಸಿ, ಅಂಗೈಯಿಂದ ಒತ್ತಿದರು.

ಶನಿವಾರ ಎಂಟು ಗಂಟೆಗೆ ಹೊರಟರು. ಆಂಟಿ ಅದುವರೆಗೆ ಬೆಟ್ಟದ ದಾರಿಯಲ್ಲಿ ಗಾಡಿ ಓಡಿಸಿರಲೇ ಇಲ್ಲ. ಪೋರ್ಟರ್ಸ್ ಪಾಸ್ ಎಂಬ ಘಾಟಿ ಏರುವಾಗ ತಿರುವು ತಿರುವಿಗೂ ವೇಗ ಇಳಿಸುತ್ತಿದ್ದರು. ಹಿಂದೆ ಆರು ಕಾರು ಸಾಲುಗಟ್ಟಿದಾಗ ಅಂಕಲ್, “ಹಾದಿ ಅವರಪ್ಪಂದಲ್ಲ, ನಿನ್ನ ಹದಕ್ಕ ನೀ ಹೋಗು,” ಎಂದರು. ಆಂಟಿ ಜಾಗ ಸಿಕ್ಕಲ್ಲಿ ಬದಿಗೆ ಸರಿದು ಎಲ್ಲರಿಗೂ ದಾರಿ ಬಿಟ್ಟುಕೊಟ್ಟು ಮತ್ತೆ ಹೊರಟರು. ಆರ್ಥರ್ಸ್ ಪಾಸ್ ದಾಟಿ ಓಟಿರಾ ಇಳಿಜಾರಿನ ಎತ್ತರದ ಸೇತುವೆಯ ಮೇಲೆ ಬಂದಾಗ ಅಂಕಲ್ ಕಿಟಕಿ ಇಳಿಸಿ, ಪೂರ್ತಿ ಎಡಕ್ಕೆ ಹೊರಳಿ ನೋಡಿ ಶಿಳ್ಳೆ ಹಾಕಿದರು. ಐದು ವರ್ಷ ಅವರು ಈ ಸೇತುವೆಯ ಮೇಲೆ ರಸ್ತೆಯನ್ನು ಮಾತ್ರ ನೋಡಿದ್ದರು. ಕೆಳಗಿನ ಹೊಳೆಯನ್ನು ನೋಡಿದ್ದು ಅದೇ ಮೊದಲು.

ಮೂರು ಗಂಟೆಗೆ ವೃದ್ಧಾಶ್ರಮ ಮುಟ್ಟಿದರು. ಹಿಂದಿನ ಅಂಗಳಕ್ಕೆ ದಾರಿ ಬಟ್ಟೆ ಒಗೆಯುವ ಕೋಣೆಗೂ ಇಟ್ಟಿಗೆ ಗೋಡೆಗೂ ನಡುವಿನ ಸಂದು. ಹಿಮ್ಮುಖವಾಗಿಯೇ ಹೋಗಬೇಕು. ಕಿಟಕಿಗಳಲ್ಲಿ ಅಜ್ಜ ಅಜ್ಜಿಯರು ಒಬ್ಬೊಬ್ಬರಾಗಿ ಬಂದು ಕೂತರು. ಅವರಿಗೆ ಅಂದಿನ ಸಿನಿಮಾ ಸಿಕ್ಕಿತ್ತು.

ಅಂಕಲ್ ಇಳಿದರು. ಗೋಡೆ ತಮ್ಮ ಬಲಕ್ಕೆ ಬರುವ ಹಾಗೆ, ಕಾಣುವ ಕಡೆ ನೋಡಿಕೊಂಡು ನಿಂತು, ವ್ಯಾನಿನ ಬೆನ್ನಿಗೆ ಅಂಗೈಯಿಂದ ಎರಡು ಸಲ ಬಡಿದರು. ಗದಗಿನ ಬಸ್ ಸ್ಟ್ಯಾಂಡಿನಲ್ಲಿ ಕೂಗುವಂತೆ ಕೂಗಿದರು:

“ಬರ್ಲಿ, ಬರ್ಲಿ, ಬರ್ಲಿ! ಸ್ವಲ್ಪ ಬಲಕ್ಕ ಹೊಡಿ! ಬರ್ಲಿ… ಹೋಲ್ಡಾನ್!”

ಎಡಗಡೆಯ ಕನ್ನಡಿಯನ್ನು ಆಂಟಿ ತಾವೇ ನೋಡಿಕೊಂಡರು. ಎರಡೂ ಬದಿಗೆ ಒಂದೊಂದು ಗೇಣು ಉಳಿಸಿಕೊಂಡು ಗುಬ್ಬಿ ಒಳಗೆ ಸರಿದು, ಅಡಿಗೆಮನೆಯ ಬಾಗಿಲಿಂದ ಇಪ್ಪತ್ತು ಹೆಜ್ಜೆಯಲ್ಲಿ ನಿಂತಿತು. ಛತ್ರಿ ಬೇಡ, ಮೈಲಿ ನಡೆಯುವುದು ಬೇಡ. ಕಿಟಕಿಗಳ ಹಿಂದೆ ಚಪ್ಪಾಳೆ ಬಿತ್ತು. ಒಬ್ಬ ಅಜ್ಜ ಕಿಟಕಿ ತೆಗೆದು, ಗಾಡಿ ಓಡಿಸಿದ್ದು ಯಾರು ಎಂದು ಕೇಳಿದ. ಅಂಕಲ್ ಎದೆ ಮುಂದೆ ಮಾಡಿ, ಇಂಗ್ಲಿಷಿನಲ್ಲಿ, ಇವರು ನನ್ನ ಡ್ರೈವರ್ ಎಂದರು.

ಸಂಜೆ ಪ್ರಣವ್ ಫೋನ್ ಮಾಡಿದ. ಆಂಟಿ ಬಾಗಿಲ ಹೊರಗಿನ ಒಲೆಯ ಮುಂದೆ ನಿಂತಿದ್ದರು, ಅಂಕಲ್ ರೊಟ್ಟಿ ಬಡಿಯುತ್ತಿದ್ದರು.

“ಅವ್ವಾ, ಹಂಗಾದ್ರ ಆ ರೂಮ್ ಏನ್ ಮಾಡ್ಲಿ?”

“ಸೈಕಲ್ ನಿಲ್ಲಸು,” ಎಂದರು ಆಂಟಿ. “ಜನವರ್ಯಾಗ ನಾವು ಬರ್ತೀವಿ. ಮಲಗೂದು ಗುಬ್ಬಿಯೊಳಗ. ನಿನ್ನ ಮನಿ ಮುಂದ ಹಿಡೀತೈತಲ್ಲ?”

ಸೋಮವಾರ ಬೆಳಿಗ್ಗೆ ಏಳಕ್ಕೆ ಎರಡು ನಿಮಿಷ ಮುಂಚೆ ಆಂಟಿ ಡ್ಯೂಟಿಗೆ ಹಾಜರಾದರು. ಆ ಆರು ವಾರ ಮುಗಿದ ಮೇಲೆ ಮತ್ತೆರಡು ಊರಿನವರು ಕರೆದರು. ಇದನ್ನು ಬರೆಯುವ ಹೊತ್ತಿಗೆ ಗುಬ್ಬಿ ಹನ್ನೊಂದು ಸಾವಿರ ಕಿಲೋಮೀಟರ್ ಓಡಿದೆ. ಇದನ್ನೂ ಎರಡು ಸಲ ಕೇಳಿದ್ದೇನೆ.

ಈ ಹಾಳೆಗಳನ್ನು ಶನಿವಾರ ಆಂಟಿಗೆ ತೋರಿಸಿ ತಪ್ಪು ತಿದ್ದಿಸಿಕೊಳ್ಳುತ್ತೇನೆ. ಇದುವರೆಗೆ ಸ್ಟೀರಿಂಗ್ ಮುಟ್ಟದ ನಾನೂ ಸೋಮವಾರ ಹೋಗಿ ಲರ್ನರ್ ಲೈಸೆನ್ಸಿನ ಪರೀಕ್ಷೆಗೆ ಹೆಸರು ಕೊಡುತ್ತೇನೆ.